ಲ್ಯಾಪ್‌ಟಾಪ್ ಚಾರ್ಜರ್ ಲೂಸ್ ಆಗಿದೆಯಾ? ಮೊದಲು ಎಲ್ಲಿ ಅಂತ ಹುಡುಕಿ

ಪಿನ್ ಹಾಕಿದರೆ ಚಾರ್ಜ್ ಆಗುತ್ತದೆ, ಕೈ ತಾಗಿದರೆ ನಿಲ್ಲುತ್ತದೆ. ವಯರನ್ನು ಸ್ವಲ್ಪ ಎತ್ತಿ ಅಡಿಗೊಂದು ಪುಸ್ತಕ ಇಟ್ಟರೆ ಮತ್ತೆ ಲೈಟ್ ಬರುತ್ತದೆ. ಹೀಗೇ ತಿಂಗಳುಗಟ್ಟಲೆ ನಡೆಸುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಸಾಮಾನ್ಯ 65 ವ್ಯಾಟ್ ಚಾರ್ಜರ್ 19.5 ವೋಲ್ಟ್‌ನಲ್ಲಿ 3.33 ಆಂಪ್‌ವರೆಗೆ ಕರೆಂಟ್ ಕೊಡುತ್ತದೆ. ಪಿನ್ ಸರಿಯಾಗಿ ತಾಗದೆ ಆ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಹೆಚ್ಚಾದರೂ ಸಾಕು, ಪೂರ್ತಿ ಲೋಡ್ ಇರುವಾಗ ಅಲ್ಲೇ ಸುಮಾರು ಐದೂವರೆ ವ್ಯಾಟ್ ಶಾಖ ಹುಟ್ಟುತ್ತದೆ. ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಒಳಗಿನ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಲೂಸ್ ಇನ್ನೂ ಜಾಸ್ತಿಯಾಗುತ್ತದೆ. ಸಣ್ಣ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ ಕೊನೆಗೆ ಮದರ್‌ಬೋರ್ಡಿಗೆ ಬಂದು ನಿಲ್ಲುತ್ತದೆ.

ರಿಪೇರಿ ಕಷ್ಟವಲ್ಲ. ಎಲ್ಲಿ ಲೂಸ್ ಅಂತ ಸರಿಯಾಗಿ ಕಂಡುಹಿಡಿಯುವುದೇ ಕೆಲಸದ ಮುಕ್ಕಾಲು ಪಾಲು. ಪಿನ್ ಹತ್ತಿರ ಅಲುಗಾಡಿಸಿದಾಗ ಕಟ್ ಆಯಿತು ಅಂದ ಮಾತ್ರಕ್ಕೆ ಜಾಕ್, ಅಂದರೆ ಲ್ಯಾಪ್‌ಟಾಪಿನಲ್ಲಿ ಪಿನ್ ಹೋಗಿ ಕೂರುವ ತೂತು, ಕೆಟ್ಟಿದೆ ಅಂತ ಅಲ್ಲ. ಗೋಡೆಯಿಂದ ಲ್ಯಾಪ್‌ಟಾಪ್‌ವರೆಗೆ ಕನಿಷ್ಠ ನಾಲ್ಕು ಕಡೆ ಲೂಸ್ ಆಗಬಹುದು. ಕಡಿಮೆ ಖರ್ಚಿನ ಕಡೆಯಿಂದ ಶುರು ಮಾಡಿ.

ಗೋಡೆಯ ಕಡೆ

ಪ್ಲಗ್ಗನ್ನು ಬೇರೆ ಸ್ವಿಚ್ ಬೋರ್ಡಿಗೆ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ನೇರ ಗೋಡೆಯ ಸಾಕೆಟ್ಟಿಗೇ ಹಾಕಿ. ಹಳೆಯ ಬಾಕ್ಸ್‌ಗಳಲ್ಲಿ ಒಳಗಿನ ಹಿತ್ತಾಳೆ ಎಲೆಗಳು ಅಗಲವಾಗಿ ಹೋಗಿರುತ್ತವೆ, ಪ್ಲಗ್ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಕಿವಿ ಕೊಟ್ಟರೆ ಸಣ್ಣಗೆ ಚಿರ್ ಅನ್ನುವ ಸದ್ದು ಬಂದರೆ ಅಥವಾ ಪ್ಲಗ್ಗಿನ ಕಾಲುಗಳ ಮೇಲೆ ಕಪ್ಪು ಕಲೆ ಇದ್ದರೆ ಅಲ್ಲಿ ಕಿಡಿ ಹಾರುತ್ತಿದೆ. ಆ ಸಾಕೆಟ್ ಬದಲಿಸಬೇಕು, ಚಾರ್ಜರ್ ಅಲ್ಲ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿ ಬಳಸುತ್ತಿದ್ದರೆ ಅದನ್ನೂ ತೆಗೆಯಿರಿ. ಲೋಹದ ಬಾಡಿ ಇರುವ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಕೈಗೆ ಜುಮ್ ಅನ್ನುತ್ತದಲ್ವಾ, ಹೆಚ್ಚಾಗಿ ಅದು ಅರ್ತ್ ಸಿಗದೇ ಇರುವುದರಿಂದ.

ಮುಂದೆ ಪವರ್ ಕಾರ್ಡ್. ಗೋಡೆಯಿಂದ ಅಡಾಪ್ಟರ್ ಡಬ್ಬಿಗೆ ಬರುವ ದಪ್ಪ ವಯರ್ ಇದು, ಡಬ್ಬಿಯ ಕಡೆ ಮೂರು ತೂತಿನ ಕನೆಕ್ಟರ್ ಇರುತ್ತದೆ. ಬ್ಯಾಗಿಗೆ ಹಾಕುವಾಗೆಲ್ಲ ಇದನ್ನು ಕಿತ್ತು ಕಿತ್ತು ಇಡುವುದರಿಂದ ಲೂಸ್ ಆಗುತ್ತದೆ. ಚಾರ್ಜ್ ಆಗುತ್ತಿರುವಾಗ ಡಬ್ಬಿಯನ್ನು ನೆಲದ ಮೇಲೆ ಬಿಟ್ಟು, ಈ ಕನೆಕ್ಟರನ್ನು ಪ್ಲಾಸ್ಟಿಕ್ ಜಾಗದಲ್ಲಷ್ಟೇ ಹಿಡಿದು ಮೆಲ್ಲಗೆ ಅಲುಗಾಡಿಸಿ. ಅಡಾಪ್ಟರಿನ ಪುಟ್ಟ ಲೈಟ್ ಮಿಣುಕಿದರೆ ಕಳ್ಳ ಸಿಕ್ಕಿದ ಹಾಗೆ. ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಕಂಪ್ಯೂಟರ್ ಅಂಗಡಿಯಲ್ಲೂ ಈ ಕಾರ್ಡ್ ಬಿಡಿಯಾಗಿ ಸಿಗುತ್ತದೆ, ಹಳೆಯದನ್ನು ತೋರಿಸಿ ಕೇಳಿ. ಇದನ್ನು ಟೇಪ್ ಸುತ್ತಿ ರಿಪೇರಿ ಮಾಡಲು ಹೋಗಬೇಡಿ, ಒಳಗೆ ಹರಿಯುವುದು 230 ವೋಲ್ಟ್.

ಡಬ್ಬಿಯಿಂದ ಪಿನ್‌ವರೆಗೆ

ಜಾಸ್ತಿ ತೊಂದರೆ ಬರುವುದು ಇಲ್ಲೇ. ಸಣ್ಣ ವಯರ್ ಎರಡು ಕಡೆ ಮುರಿಯುತ್ತದೆ: ಡಬ್ಬಿಯಿಂದ ಹೊರಬರುವ ಬಾಯಲ್ಲಿ, ಇಲ್ಲವೇ ಪಿನ್ನಿನ ಕುತ್ತಿಗೆಯಲ್ಲಿ. ಹೊರಗಿನ ರಬ್ಬರ್ ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ.

ಪತ್ತೆ ಮಾಡುವುದು ಹೀಗೆ. ಪಿನ್ನನ್ನು ಲ್ಯಾಪ್‌ಟಾಪಿಗೆ ಹಾಕಿ, ಪಿನ್ ಅಲುಗದ ಹಾಗೆ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ವಯರನ್ನು ಡಬ್ಬಿಯ ಕಡೆಯಿಂದ ಶುರು ಮಾಡಿ ಅಂಗುಲ ಅಂಗುಲವಾಗಿ ಸ್ವಲ್ಪ ಬಗ್ಗಿಸುತ್ತಾ ಬನ್ನಿ. ಕಣ್ಣು ಚಾರ್ಜಿಂಗ್ ಲೈಟ್ ಮೇಲಿರಲಿ. ಯಾವ ಜಾಗದಲ್ಲಿ ಬಗ್ಗಿಸಿದಾಗ ಲೈಟ್ ಹೋಗಿ ಬರುತ್ತದೋ ಅಲ್ಲಿ ಒಂದು ಗುರುತು ಹಾಕಿ. ಆಮೇಲೆ ತಿರುಗಾಮುರುಗಾ ಮಾಡಿ: ವಯರ್ ಅಲುಗದ ಹಾಗೆ ಹಿಡಿದು ಪಿನ್ನನ್ನು ಜಾಕ್ ಒಳಗೇ ತಿರುಗಿಸಿ ನೋಡಿ. ವಯರ್ ಬಗ್ಗಿಸಿದಾಗ ಮಾತ್ರ ಕಟ್ ಆದರೆ ವಯರಿನ ತೊಂದರೆ. ಪಿನ್ ತಿರುಗಿಸಿದಾಗ ಕಟ್ ಆದರೆ ಪಿನ್ ಅಥವಾ ಜಾಕ್. ಅದೇ ಕಂಪನಿಯ, ಅದೇ ಪಿನ್ನಿನ, ಅದೇ ವ್ಯಾಟಿನ ಇನ್ನೊಂದು ಚಾರ್ಜರ್ ಯಾರ ಹತ್ತಿರವಾದರೂ ಇದ್ದರೆ ಒಂದು ಹತ್ತು ನಿಮಿಷ ಕೇಳಿ ತನ್ನಿ. ಅದು ಗಟ್ಟಿಯಾಗಿ ಕೂತು ಚಾರ್ಜ್ ಆದರೆ ನಿಮ್ಮ ಜಾಕ್ ಚೆನ್ನಾಗಿದೆ ಅಂತ ಅರ್ಥ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಡಿಸಿ 200 ವೋಲ್ಟ್ ರೇಂಜಿಗೆ ಇಡಿ. ಸಾಮಾನ್ಯ ಗುಂಡು ಪಿನ್ ಆದರೆ ಮೀಟರಿನ ಕೆಂಪು ಕಡ್ಡಿ ತೂತಿನ ಒಳಗೆ, ಕಪ್ಪು ಕಡ್ಡಿ ಹೊರಮೈಗೆ. ಅಡಾಪ್ಟರಿನ ಮೇಲೆ ಬರೆದಿರುವ 19 ಅಥವಾ 19.5 ವೋಲ್ಟ್ ಸುತ್ತಮುತ್ತ ನಿಂತರೆ ಸರಿ, ವಯರ್ ಬಗ್ಗಿಸಿದಾಗ ಅಂಕಿ ಕುಣಿದರೆ ವಯರ್ ಹೋಗಿದೆ. ಎರಡೂ ಕಡ್ಡಿ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ. ತಪ್ಪಿ ತಾಗಿದರೆ ಸಾಮಾನ್ಯವಾಗಿ ಅಡಾಪ್ಟರ್ ತಾನಾಗಿ ಆಫ್ ಆಗುತ್ತದೆ, ಗೋಡೆಯಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ.

ಇಲ್ಲೊಂದು ವಿಷಯ ಗಮನದಲ್ಲಿರಲಿ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 19.5 ವೋಲ್ಟೇ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಲ್ಯಾಪ್‌ಟಾಪಿಗೆ ಹಾಕಿದ ತಕ್ಷಣ ಆ ಎಳೆ ಸೋಲುತ್ತದೆ. ಹಾಗಾಗಿ ಮೀಟರ್ ಸರಿ ತೋರಿಸಿತು ಅಂತ ವಯರನ್ನು ಬಿಟ್ಟುಬಿಡಬೇಡಿ. ಟೈಪ್-ಸಿ ಚಾರ್ಜರಿನದು ಇನ್ನೊಂದು ಕತೆ. ಎದುರಿಗೆ ಲ್ಯಾಪ್‌ಟಾಪೋ ಮೊಬೈಲೋ ಇದೆ ಅಂತ ಗೊತ್ತಾಗುವವರೆಗೆ ಅದು ಕರೆಂಟನ್ನೇ ಬಿಡುವುದಿಲ್ಲ. ಮೀಟರ್ ಸೊನ್ನೆ ತೋರಿಸಿದರೆ ಕೆಟ್ಟಿದೆ ಅಂತಲ್ಲ.

ನಡುವೆ ಸೂಜಿ ಇರುವ ಪಿನ್

ಡೆಲ್, ಎಚ್‌ಪಿ ಚಾರ್ಜರುಗಳ ಗುಂಡು ಪಿನ್ನಿನೊಳಗೆ ನಡುವೆ ಒಂದು ತೆಳು ಸೂಜಿ ಇರುತ್ತದೆ. ಪ್ಲಸ್ ಇರುವುದು ಆ ಸೂಜಿಯಲ್ಲಿ ಅಲ್ಲ, ಕೊಳವೆಯ ಒಳಗೋಡೆಯಲ್ಲಿ. ಹೊರಮೈ ಮೈನಸ್. ಸೂಜಿಯ ಕೆಲಸವೇ ಬೇರೆ. ಇದು ಯಾವ ಚಾರ್ಜರ್, ಎಷ್ಟು ವ್ಯಾಟಿನದು ಅಂತ ಲ್ಯಾಪ್‌ಟಾಪಿಗೆ ತಿಳಿಸುವುದು. ಆ ಸೂಜಿ ಬಗ್ಗಿದರೆ ಅಥವಾ ಅದರ ಕೂದಲಿನಂಥ ವಯರ್ ಕಟ್ ಆದರೆ ವಿಚಿತ್ರ ತೊಂದರೆ ಬರುತ್ತದೆ. ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಲ್ಲವೂ ನಿಧಾನ. ಡೆಲ್ ಆದರೆ ಆನ್ ಮಾಡುವಾಗಲೇ ಅಡಾಪ್ಟರ್ ಯಾವುದು ಅಂತ ಗೊತ್ತಾಗುತ್ತಿಲ್ಲ ಅನ್ನುವ ಸಂದೇಶ ಬರಬಹುದು. ತುಂಬಾ ಜನ ಆಗ ಹೊಸ ಬ್ಯಾಟರಿ ತರುತ್ತಾರೆ, ಸುಮ್ನೆ ದುಡ್ಡು ದಂಡ.

ಡೆಲ್‌ನಲ್ಲಿ ಆನ್ ಮಾಡುವಾಗ ಎಫ್2 ಒತ್ತಿ ಬಯಾಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಒಳಗೆ ಹೋದರೆ ಬ್ಯಾಟರಿ ಮಾಹಿತಿಯ ಜೊತೆ ಅಡಾಪ್ಟರ್ ಎಷ್ಟು ವ್ಯಾಟ್ ಅಂತ ಇರುತ್ತದೆ. ಅಲ್ಲಿ 65 ವ್ಯಾಟ್ ಅಂತ ಬಂದರೆ ಸೂಜಿ ಮಾತಾಡುತ್ತಿದೆ. ಗೊತ್ತಿಲ್ಲ ಅಂತ ಬಂದರೆ ಗೋಡೆಯಿಂದ ಪ್ಲಗ್ ತೆಗೆದು ಟಾರ್ಚ್ ಬಿಟ್ಟು ಪಿನ್ನಿನೊಳಗೆ ನೋಡಿ. ಸ್ವಲ್ಪ ವಾಲಿದ್ದರೆ ತೆಳು ಮೂತಿಯ ಚಿಮಟದಿಂದ ಒಂದೇ ಸಲ, ನಿಧಾನವಾಗಿ ನೆಟ್ಟಗೆ ಮಾಡಿ. ಆ ಕಡೆ ಈ ಕಡೆ ಬಗ್ಗಿಸಿದರೆ ಮುರಿದು ಕೈಗೆ ಬರುತ್ತದೆ. ಮುರಿದಿದ್ದರೆ ಪಿನ್ ಬದಲಿಸುವುದೇ ದಾರಿ.

ಪಿನ್ ಕತ್ತರಿಸಿ ಹೊಸದು ಹಾಕುವುದು

ವಯರ್ ಮುರಿದಿರುವುದು ಪಿನ್ನಿನ ಹತ್ತಿರ ಅಂತ ಖಚಿತವಾದರೆ, ಬೆಸುಗೆ ಹಾಕಿ ಅಭ್ಯಾಸ ಇದ್ದರೆ, ಮನೆಯಲ್ಲೇ ಮಾಡಬಹುದು. ಡಬ್ಬಿಯ ಬಾಯಲ್ಲೇ ಮುರಿದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಅದಕ್ಕೆ ಡಬ್ಬಿ ಒಡೆಯಬೇಕಾಗುತ್ತದೆ. ಅಡಾಪ್ಟರ್ ಒಳಗಿನ ಕೆಪಾಸಿಟರಿನಲ್ಲಿ 320 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಆ ಹೊಡೆತ ಪ್ರಾಣಕ್ಕೇ ಅಪಾಯ. ಹಾಗೆ ಮುರಿದರೆ ಹೊಸ ಅಡಾಪ್ಟರ್ ತನ್ನಿ.

ಬೇಕಾಗುವುದು: ವಯರ್ ಸಮೇತ ಬರುವ ಹೊಸ ಪಿನ್, 25 ವ್ಯಾಟಿನ ಸೋಲ್ಡರಿಂಗ್ ಐರನ್, ಬೆಸುಗೆಯ ಸೀಸ (ಸೋಲ್ಡರ್ ತಂತಿ), ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್, ಬಿಸಿಗೆ ಕುಗ್ಗಿ ವಯರನ್ನು ಬಿಗಿಯಾಗಿ ಮುಚ್ಚುವ ಶ್ರಿಂಕ್ ಟ್ಯೂಬ್ ಎರಡು ಮೂರು ಅಳತೆಯದು, ಬ್ಲೇಡ್, ಮಲ್ಟಿಮೀಟರ್. ಬೆಂಗಳೂರಿನಲ್ಲಿ ಎಸ್‌.ಪಿ. ರೋಡಿಗೆ ಹೋದರೆ ಎಲ್ಲಾ ಒಂದೇ ಬೀದಿಯಲ್ಲಿ ಸಿಗುತ್ತದೆ, ಬೇರೆ ಊರುಗಳಲ್ಲಿ ಲ್ಯಾಪ್‌ಟಾಪ್ ಸರ್ವಿಸ್ ಅಂಗಡಿಯಲ್ಲಿ ಕೇಳಿ. ಹಳೆಯ ಪಿನ್ ಕೈಯಲ್ಲಿ ಇಟ್ಟುಕೊಂಡೇ ಹೋಗಿ, ಯಾಕೆಂದರೆ ಕಣ್ಣಿಗೆ ಒಂದೇ ಥರ ಕಂಡರೂ ಅಳತೆ ಬೇರೆ ಇರುತ್ತದೆ. ಹೊರಗೆ 5.5 ಮಿ.ಮೀ. ಇರುವ ಪಿನ್ನಿನಲ್ಲೇ ಒಳಗಿನ ತೂತು 1.7, 2.1, 2.5 ಅಂತ ಬರುತ್ತದೆ. 2.5 ರ ಪಿನ್ 1.7 ರ ಜಾಕ್‌ಗೆ ಹೋಗುತ್ತದೆ, ಆದರೆ ಲೂಸ್ ಆಗಿ ಕೂರುತ್ತದೆ. ಅಂದರೆ ಮತ್ತೆ ಅದೇ ರೋಗ.

ಪ್ಲಗ್ ಗೋಡೆಯಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ. ಗುರುತು ಹಾಕಿದ ಜಾಗಕ್ಕಿಂತ ಒಂದೆರಡು ಅಂಗುಲ ಹಿಂದೆ ಕತ್ತರಿಸಿ, ಯಾಕೆಂದರೆ ಮುರಿದ ಜಾಗದ ಪಕ್ಕದ ಎಳೆಗಳೂ ದಣಿದಿರುತ್ತವೆ. ಹೊರಗಿನ ರಬ್ಬರ್ ಸುಲಿದರೆ ಹೆಚ್ಚಿನ ಚಾರ್ಜರುಗಳಲ್ಲಿ ಮೊದಲು ಸುತ್ತಲೂ ಹರಡಿದ ಬರೀ ತಾಮ್ರದ ಎಳೆ ಸಿಗುತ್ತದೆ, ಅದು ಮೈನಸ್. ಅದನ್ನು ಒಂದು ಕಡೆಗೆ ಸೇರಿಸಿ ಹೊಸೆಯಿರಿ. ನಡುವೆ ಪ್ಲಾಸ್ಟಿಕ್ ಹೊದಿಕೆಯ ದಪ್ಪ ವಯರ್ ಪ್ಲಸ್. ಸೂಜಿ ಪಿನ್ ಇದ್ದರೆ ಜೊತೆಗೆ ಮೂರನೆಯ ತೆಳು ವಯರ್. ಬಣ್ಣ ನೋಡಿ ನಂಬಬೇಡಿ, ಕಂಪನಿಗೊಂದು ಬಣ್ಣ. ಹೊಸ ಪಿನ್ನಿನ ಯಾವ ವಯರ್ ಎಲ್ಲಿಗೆ ಹೋಗಿದೆ ಅಂತ ಮೀಟರಿನ ಬೀಪ್ ಮೋಡ್ (ಎರಡು ಕಡ್ಡಿಗಳ ನಡುವೆ ಸಂಪರ್ಕ ಇದ್ದರೆ ಸದ್ದು ಮಾಡುವುದು) ಹಾಕಿ ನೋಡಿ ಬರೆದಿಟ್ಟುಕೊಳ್ಳಿ.

ಬೆಸುಗೆಗೆ ಮೊದಲೇ ದೊಡ್ಡ ಶ್ರಿಂಕ್ ಟ್ಯೂಬ್ ವಯರಿಗೆ ಏರಿಸಿಡಿ, ಆಮೇಲೆ ಹಾಕಲು ಆಗುವುದಿಲ್ಲ. ಚಿಕ್ಕ ಟ್ಯೂಬ್‌ಗಳೂ ಅಷ್ಟೇ, ಒಂದೊಂದು ವಯರಿಗೂ ಒಂದೊಂದು, ಮತ್ತು ಬೆಸುಗೆಯ ಬಿಸಿಗೆ ಮೊದಲೇ ಕುಗ್ಗದ ಹಾಗೆ ದೂರ ಸರಿಸಿ. ಪ್ಲಸ್ ಮತ್ತು ಮೈನಸ್ ಜೋಡಣೆ ಅಕ್ಕಪಕ್ಕ ಬಾರದ ಹಾಗೆ ಒಂದನ್ನು ಉದ್ದ, ಒಂದನ್ನು ಗಿಡ್ಡ ಕತ್ತರಿಸಿ. ಎರಡೂ ತುದಿಗೆ ಮೊದಲು ಸೀಸ ಹಿಡಿಸಿ, ಆಮೇಲೆ ಜೋಡಿಸಿ ಬಿಸಿ ಕೊಡಿ. ಸೀಸ ಹರಿದು ಎಳೆಗಳ ಒಳಗೆ ಇಳಿಯಬೇಕು, ಮೇಲೆ ಗುಂಡಗೆ ಕೂತರೆ ಅದು ಹಿಡಿದಿಲ್ಲ. ತಣ್ಣಗಾದ ಮೇಲೆ ಎಳೆದು ನೋಡಿ. ಟ್ಯೂಬ್ ಸರಿಸಿ ಬಿಸಿ ಮಾಡಿ ಕುಗ್ಗಿಸಿ, ಕೊನೆಗೆ ದೊಡ್ಡದು.

ಲ್ಯಾಪ್‌ಟಾಪಿಗೆ ಹಾಕುವ ಮೊದಲು ಎರಡು ಪರೀಕ್ಷೆ. ಪ್ಲಗ್ ಹಾಕದೇ ಬೀಪ್ ಮೋಡಿನಲ್ಲಿ ಪಿನ್ನಿನ ಒಳಗೂ ಹೊರಗೂ ಮುಟ್ಟಿಸಿ, ಬೀಪ್ ನಿಲ್ಲದೇ ಹೊಡೆದುಕೊಂಡರೆ ಶಾರ್ಟ್. ಆಮೇಲೆ ಪ್ಲಗ್ ಹಾಕಿ ವೋಲ್ಟ್ ನೋಡಿ. ಅಂಕಿಯ ಎಡಗಡೆ ಮೈನಸ್ ಚಿಹ್ನೆ ಬಂದರೆ ಪ್ಲಸ್ ಮೈನಸ್ ತಲೆಕೆಳಗಾಗಿದೆ. ಹಾಗೇ ಹಾಕಿದರೆ ಬೋರ್ಡ್ ಸುಟ್ಟುಹೋಗಬಹುದು. ಈ ಒಂದು ನಿಮಿಷದ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಬೆಸುಗೆ ಇಲ್ಲದೆ ಸುಮ್ನೆ ಹೊಸೆದು ಟೇಪ್ ಸುತ್ತುವುದು ಬೇಡವೇ ಬೇಡ. ಸೆಕೆಗೆ ಟೇಪಿನ ಅಂಟು ಜಾರುತ್ತದೆ, ಮೂರು ಆಂಪ್ ಕರೆಂಟಿಗೆ ಹೊಸೆದ ಜಾಗ ಬಿಸಿಯಾಗುತ್ತದೆ, ರಾತ್ರಿ ಹಾಸಿಗೆ ಮೇಲೆ ಚಾರ್ಜಿಗೆ ಹಾಕಿ ಮಲಗುವ ಮನೆಗಳಲ್ಲಿ ಇದು ಬೆಂಕಿಯ ಮಾತು.

ಜಾಕ್ ಕಡೆ

ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಜಾಕ್ ಒಳಗೆ ಟಾರ್ಚ್ ಬಿಡಿ. ಬ್ಯಾಗಿನ ನೂಲು, ಧೂಳು ಕಂಡರೆ ಒಣ ಟೂತ್‌ಪಿಕ್‌ನಿಂದ ಮೆಲ್ಲಗೆ ಎತ್ತಿ ತೆಗೆಯಿರಿ. ಬಾಯಿಂದ ಊದಬೇಡಿ, ತೇವ ಹೋಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಪಿನ್ನಿನ ಮೇಲೆ ಹಸಿರು ಅಥವಾ ಮಂಕಾದ ಪದರ ಕೂರುತ್ತದೆ. ಅದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ತಾಗಿಸಿ ಒರೆಸಿ, ಪೂರ್ತಿ ಒಣಗಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಎಣ್ಣೆಯೂ ಬೇಡ.

ಪಿನ್ ಹಾಕಿ ಅಲುಗಾಡಿಸಿದಾಗ ಇಡೀ ಜಾಕ್ ಒಳಗೆ ಓಡಾಡುತ್ತಿದ್ದರೆ, ಅದನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿದೆ ಅಥವಾ ಪ್ಲಾಸ್ಟಿಕ್ ಕಂಬ ಮುರಿದಿದೆ. ಕೆಲವು ಮಾಡೆಲ್‌ಗಳಲ್ಲಿ ಪರದೆಯ ಹಿಂಜ್ (ಕೀಲು) ಪಟ್ಟಿಯೇ ಜಾಕನ್ನು ಒತ್ತಿ ಹಿಡಿದಿರುತ್ತದೆ, ಹಿಂಜ್ ಮುರಿದರೆ ಜಾಕೂ ಲೂಸ್. ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಕೊಡಿ. ಇಲ್ಲದಿದ್ದರೆ ತಳದ ಮುಚ್ಚಳ ತೆಗೆಯಬಹುದು. ರಬ್ಬರ್ ಪಾದದ ಅಡಿಯಲ್ಲೂ ಸ್ಕ್ರೂ ಅಡಗಿರುತ್ತವೆ, ಉದ್ದವೂ ಬೇರೆ ಬೇರೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಇಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಮೇಲಿನ ಕಡೆ ತೂತಾಗುತ್ತದೆ. ಮುಚ್ಚಳವನ್ನು ಹಳೆಯ ಎಟಿಎಂ ಕಾರ್ಡಿನಿಂದ ಬಿಡಿಸಿ, ಸ್ಕ್ರೂಡ್ರೈವರಿನಿಂದ ಅಲ್ಲ.

ತೆರೆದ ತಕ್ಷಣ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ. ಈಗ ಜಾಕ್ ನೋಡಿ. ಜಾಕಿನಿಂದ ಬಣ್ಣದ ವಯರ್‌ಗಳು ಹೊರಟು ಬೋರ್ಡಿನ ಕನೆಕ್ಟರಿಗೆ ಸೇರಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಒಂದೆರಡು ಸ್ಕ್ರೂ ತೆಗೆದು, ಕನೆಕ್ಟರ್ ಎಳೆದು, ಹೊಸದು ಕೂರಿಸಿದರೆ ಮುಗಿಯಿತು. ವಯರಿನ ಮೇಲಿನ ಚೀಟಿಯಲ್ಲಿ ಪಾರ್ಟ್ ನಂಬರ್ ಇರುತ್ತದೆ, ಅದರ ಫೋಟೋ ತೆಗೆದು ಅದೇ ನಂಬರಿನದನ್ನು ತರಿಸಿ. ಜಾಕ್ ನೇರ ಬೋರ್ಡಿಗೇ ಬೆಸುಗೆಯಾಗಿದ್ದರೆ ಮುಚ್ಚಳ ಮುಚ್ಚಿ ಅಂಗಡಿಗೆ ಒಯ್ಯಿರಿ. ಬೋರ್ಡಿನ ತಾಮ್ರದ ಪದರಗಳು ಶಾಖವನ್ನೆಲ್ಲ ಹೀರಿಕೊಳ್ಳುತ್ತವೆ. ಮನೆಯ ಸಣ್ಣ ಐರನ್‌ನಲ್ಲಿ ಸೀಸ ಕರಗಿಸಲು ಒದ್ದಾಡುತ್ತಾ ಬೋರ್ಡಿನ ತಾಮ್ರದ ಗೆರೆಗಳನ್ನೇ ಕಿತ್ತುಬಿಡುವ ಸಾಧ್ಯತೆ ಜಾಸ್ತಿ.

ಪ್ಲಾಸ್ಟಿಕ್ ಕಂಬ ಮಾತ್ರ ಮುರಿದಿದ್ದರೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ಕಂಬದ ಬುಡಕ್ಕೆ ಹಚ್ಚಿ, ಒಂದು ರಾತ್ರಿ ಹಾಗೇ ಬಿಡಿ. ಫೆವಿಕ್ವಿಕ್ ಥರದ ತೆಳು ಅಂಟು ಇಲ್ಲಿ ಬೇಡ. ಅದು ಸಂದಿಯಲ್ಲಿ ಹರಿದು ಜಾಕಿನೊಳಗೆ ಸೇರುತ್ತದೆ, ಆವಿಯಿಂದ ಬಿಳಿ ಪದರ ಕೂರುತ್ತದೆ, ಅಲುಗಾಟಕ್ಕೆ ಬೇಗ ಸೀಳುತ್ತದೆ.

ಟೈಪ್-ಸಿ ಆದರೆ

ಕ್ಲಿಕ್ ಅಂತ ಕೂರುತ್ತಿಲ್ಲ ಅಂದರೆ ತಳದಲ್ಲಿ ನೂಲು ತುಂಬಿ ಗಟ್ಟಿಯಾಗಿರುವುದೇ ಸಾಮಾನ್ಯ ಕಾರಣ. ಶಟ್‌ಡೌನ್ ಮಾಡಿ, ತುದಿ ತೆಳುವಾಗಿ ಕೆತ್ತಿದ ಮರದ ಟೂತ್‌ಪಿಕ್‌ನಿಂದ ಅಂಚಿನಲ್ಲಿ ಕೆದಕಿ. ನಡುವಿನ ನಾಲಿಗೆ ಮುಟ್ಟಬೇಡಿ, ಕಾಂಟ್ಯಾಕ್ಟ್‌ಗಳೆಲ್ಲ ಅದರ ಮೇಲಿವೆ. ಸೂಜಿ, ಸೇಫ್ಟಿ ಪಿನ್ ಹಾಕಲೇಬೇಡಿ. ಆಮೇಲೆ ಬೇರೆ ಕೇಬಲ್ ಹಾಕಿ ನೋಡಿ. ಟೈಪ್-ಸಿಯಲ್ಲಿ ಬಿಗಿ ಹಿಡಿಯುವ ಸ್ಪ್ರಿಂಗ್ ಇರುವುದು ಕೇಬಲ್ಲಿನ ತುದಿಯಲ್ಲಿ, ಹಾಗಾಗಿ ಸವೆಯುವುದೂ ಹೆಚ್ಚಾಗಿ ಕೇಬಲ್ಲೇ. ಹೊಸ ಕೇಬಲ್ ತರುವಾಗ ನಿಮ್ಮ ಚಾರ್ಜರ್ 60 ವ್ಯಾಟಿಗಿಂತ ಜಾಸ್ತಿ ಇದ್ದರೆ 5 ಆಂಪಿನದೇ ಕೇಳಿ, 3 ಆಂಪಿನದು 20 ವೋಲ್ಟ್‌ನಲ್ಲಿ 60 ವ್ಯಾಟಿಗೇ ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಟೈಪ್-ಸಿ ಇದ್ದರೆ ಅದರಲ್ಲೂ ಚಾರ್ಜ್ ಆಗುತ್ತದಾ ನೋಡಿ, ರಿಪೇರಿವರೆಗೆ ಅದರಲ್ಲೇ ನಡೆಸಬಹುದು.

ಹೊಸ ಅಡಾಪ್ಟರೇ ಬೇಕಾದರೆ ವೋಲ್ಟ್ ಹಳೆಯದರಷ್ಟೇ ಇರಲಿ, ಆಂಪ್ ಅಷ್ಟೇ ಅಥವಾ ಜಾಸ್ತಿ, ಪಿನ್ ಅಳತೆ ಮತ್ತು ಅಡಾಪ್ಟರ್ ಮೇಲಿನ ಪ್ಲಸ್ ಮೈನಸ್ ಚಿತ್ರ ಒಂದೇ ಇರಲಿ. ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇದೆಯಾ ಅಂತ ನೋಡಿ. ಇಲ್ಲದ್ದನ್ನು ಕಡಿಮೆ ಬೆಲೆ ಅಂತ ತರಬೇಡಿ.

ಏನೇ ರಿಪೇರಿ ಮಾಡಿದರೂ ಮೊದಲ ದಿನ ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇರುವಾಗ ಚಾರ್ಜಿಗೆ ಹಾಕಿ, ಒಂದು ವೀಡಿಯೋ ಓಡಿಸುತ್ತಾ ಅರ್ಧ ಗಂಟೆ ಪಕ್ಕದಲ್ಲೇ ಕೂತಿರಿ. ಆಮೇಲೆ ಪಿನ್ನಿನ ಕುತ್ತಿಗೆ, ಬೆಸುಗೆ ಹಾಕಿದ ಜಾಗ, ಜಾಕಿನ ಸುತ್ತ ಬೆರಳಿಟ್ಟು ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಆ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಮಾಡಿ.